ರಾಘುವಿನ ಸಾವು ಯಾರ ತಲೆಗೆ

ನಮ್ಮ ಗಿಳಿ ರಾಘು ಸತ್ತದ್ದು ಮಗನ ಮದುವೆಯಾಗಿ ಸೊಸೆಯನ್ನು ಮನೆ ತುಂಬಿಸಿಕೊಂಡ ವಾರದೊಳಗೆ. ಒಂದು ತಿಂಗಳು ಮೊದಲು ಸತ್ತಿದ್ದರೆ ಅದು ಬರೀ ಗಿಳಿಯ ಸಾವಾಗಿರುತ್ತಿತ್ತು. ತೊಂಬತ್ತೆರಡನೇ ಇಸವಿ, ಅಥಣಿ ಕಡೆಯ ನಮ್ಮ ತೋಟದ ಮನೆಯಲ್ಲಿ ದ್ರಾಕ್ಷಿ ಆಗಷ್ಟೇ ಹಣ್ಣಾಗತೊಡಗಿತ್ತು.

ಮುಂಜಾನೆ ಗಿಳಿ ಚೆನ್ನಾಗಿಯೇ ಇತ್ತು. ನಮ್ಮ ಯಜಮಾನರ ದನಿ ತೆಗೆದು "ಗೌರಾ, ಚಾ ತಾ" ಎಂದು ಕೂಗಿ, ಎಂದಿನಂತೆ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಬೈಸಿಕೊಂಡಿತ್ತು. ನಾನು ಎಮ್ಮೆಯ ಹಾಲು ಹಿಂಡಿ ಬರುವಷ್ಟರಲ್ಲಿ ಪಂಜರದ ತಳದಲ್ಲಿ ಬಿದ್ದು ಗಡಗಡ ನಡುಗುತ್ತಿತ್ತು, ಕೊಕ್ಕಿನಿಂದ ಜೊಲ್ಲು. ಎತ್ತಿಕೊಂಡೆ. ಕೈಯಲ್ಲೇ ಜೀವ ಹೋಯಿತು.

ಒಂಬತ್ತು ವರ್ಷ ಸಾಕಿದ ಜೀವ. ಅಳಬೇಕೆನ್ನುವಷ್ಟರಲ್ಲಿ, ಮಜ್ಜಿಗೆಗೆಂದು ಬಂದಿದ್ದ ಪಕ್ಕದ ತೋಟದ ಕೆಂಚವ್ವ ಬಾಯಿ ಬಿಟ್ಟಳು.

"ಹೊಸಾ ಕಾಲ್ಗುಣ ಬೇ ಗೌರಾಬಾಯಿ. ಇವತ್ತ ಗಿಳಿ. ನಾಳೆ ಏನೋ."

ಪಾಲಬಾವಿಯಿಂದ ಬಂದ ನನ್ನ ಸೊಸೆ ಸುಗಂಧಾ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತು. ಮಗ ಆ ದಿನ ಊರಲ್ಲಿರಲಿಲ್ಲ. ನಮ್ಮ ಯಜಮಾನರು ಬಾಬಾಸಾಹೇಬರು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದವರು, ಟವೆಲ್ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟೇಬಿಟ್ಟರು.

ನನ್ನ ಅಳು ನಿಂತುಹೋಯಿತು, ಮೈಯೆಲ್ಲ ಉರಿಯಿತು. ಕೆಂಚವ್ವನ ಬಾಯಿಗೆ ಬಿದ್ದ ಮಾತು ಅಥಣಿ ಬಸ್ ಸ್ಟ್ಯಾಂಡ್ ಮುಟ್ಟುವುದಕ್ಕೆ ಎಷ್ಟು ಹೊತ್ತು? ಇನ್ನು ಮುಂದೆ ಎಮ್ಮೆ ತಿಂಗಳು ತುಂಬದೆ ಕಂದು ಹಾಕಿದರೂ, ಬೋರ್ ಬತ್ತಿದರೂ ಈ ಹುಡುಗಿಯ ತಲೆಗೇ ಕಟ್ಟುತ್ತಾರೆ.

"ಸಂಜೀಕ ಬಾ ಕೆಂಚವ್ವ. ಗಿಳಿ ಯಾಕ ಸತ್ತಿತು ಅಂತ ಹೇಳ್ತೀನಿ. ಅಲ್ಲೀತನಕ ಬಾಯಿ ಮುಚ್ಕೊಂಡಿರು" ಎಂದೆ. ಜೋರಾಗಿ ಹೇಳಿದೆನೇ ಹೊರತು ನನಗೇನು ಗೊತ್ತಿತ್ತು, ಮಣ್ಣು.

ಮಧ್ಯಾಹ್ನ ಸುಗಂಧಾ ಊಟಕ್ಕೆ ಬರಲಿಲ್ಲ. ಒಳಕೋಣೆಯಲ್ಲಿ ಸೀರೆ ಮಡಚಿ ಟ್ರಂಕಿನಲ್ಲಿಡುತ್ತಿದ್ದಳು.

"ಅತ್ತಿ, ನಿನ್ನೆ ನಾನ ಅದಕ್ಕ ಕಾಳ ಹಾಕಿದ್ದೆ. ನನ್ನ ಕೈಗುಣನ ಹಂಗ ಐತೇನ್ರಿ? ನಮ್ಮಣ್ಣಗ ಹೇಳಿ ಕಳಸ್ರಿ, ನಾ ಹೋಗ್ತೀನಿ."

"ಸುಮ್ನ ಕುಂಡ್ರ. ನಿನ್ನ ಕೈ ಚಲೋನ ಐತಿ" ಎಂದೆ. ಅವಳು ನಂಬಲಿಲ್ಲ. ಇಪ್ಪತ್ತು ತುಂಬದ ಹುಡುಗಿ, ಕೆಂಚವ್ವನ ಮಾತನ್ನೇ ನುಂಗಿ ಕೂತಿದ್ದಳು.

ಪಂಜರವನ್ನು ಅಂಗಳಕ್ಕೆ ತಂದು ಬಿಸಿಲಲ್ಲಿಟ್ಟು ನೋಡಿದೆ. ಬೆಕ್ಕು ಬಂದಿದ್ದರೆ ಪುಕ್ಕ ಉದುರಿರಬೇಕಿತ್ತು. ಹಾವು ಬರುವ ಸಂದಿಯೂ ಇರಲಿಲ್ಲ. ಬಟ್ಟಲಲ್ಲಿದ್ದದ್ದು ನಾವೂ ಕುಡಿಯುವ ಕೊಡದ ನೀರೇ. ತಳದಲ್ಲಿ ಹಸಿರು ಸಿಪ್ಪೆಗಳು ಬಿದ್ದಿದ್ದವು, ದ್ರಾಕ್ಷಿಯವು. ಒಂದನ್ನು ಮೂಗಿಗೆ ಹಿಡಿದೆ. ಗಪ್ಪೆಂದು ಔಷಧಿಯ ವಾಸನೆ. ಹಿಂದಿನ ದಿನವಷ್ಟೇ ಮೂಡಣ ಸಾಲಿಗೆ ಹುಳದ ಔಷಧಿ ಹೊಡೆಸಿದ್ದರು, ಯಜಮಾನರ ಅಂಗಿ ಇನ್ನೂ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ವರ್ಷ ವರ್ಷವೂ ಹಣ್ಣಾದ ಮೊದಲ ಗೊನೆ ರಾಘುವಿಗೇ ಸಲ್ಲಬೇಕು. ಮನೆಯವರು ಬಾಯಿಗೆ ಹಾಕಿಕೊಳ್ಳುವುದು ಆಮೇಲೆ. ಈ ಪದ್ಧತಿ ಮಾಡಿದವರು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ತೋಟಕ್ಕೆ ಹೋದೆ. ಯಜಮಾನರು ಪಂಪ್ ಮನೆಯ ನೆರಳಲ್ಲಿ ಕೂತಿದ್ದರು. ಮುಂಜಾನೆಯಿಂದ ಬಾಯಿಗೆ ಏನೂ ಹಾಕಿರಲಿಲ್ಲ.

"ಮುಂಜಾನೆ ರಾಘುಗ ಮೂಡಣ ಸಾಲಿನ ಗೊನಿ ಕೊಟ್ರೇನು?"

"ತೊಳದಿದ್ದೆ" ಎಂದರು, ತಲೆ ಎತ್ತದೆ.

"ಕೆಂಚವ್ವ ಅಂದದ್ದು ಕೇಳಿಸಿತ್ತಲ್ಲ ನಿಮಗ?"

"ಕೇಳಿಸಿತ್ತು."

"ಮತ್ತ ಬಾಯಾಗ ಏನ ಇಟ್ಕೊಂಡಿದ್ರಿ?"

ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಗೌರಾ, ಕೊಕ್ಕ ಮುಂದ ಮಾಡಿ ನನ್ನ ಕೈಯಾಗಿಂದನ ತಿಂತು. ನಾನ ಕೊಂದೆ ಅಂತ ಹೆಂಗ ಹೇಳಲಿ?"

ನಿಜ ಹೇಳುತ್ತೇನೆ, ಅವರ ಪಕ್ಕ ಕೂತು ಗೋಳೋ ಎಂದು ಅಳಬೇಕೆನಿಸಿತು. ಆದರೆ ಮನೆಯಲ್ಲಿ ಒಂದು ಹುಡುಗಿ ಮಾಡದ ತಪ್ಪಿಗೆ ಉಪವಾಸ ಕೂತಿತ್ತು.

"ಹೆಂಗರ ಹೇಳ್ರಿ. ಸಂಜೀಕ, ಎಲ್ಲಾರ ಮುಂದ. ನಾ ಹೇಳಿದ್ರ ಸೊಸಿ ತಪ್ಪ ಮುಚ್ಚಾಕತ್ತಾಳ ಅಂತಾರ. ನೀವ ಹೇಳಬೇಕು."

ಸಂಜೆ ಕೆಂಚವ್ವ ಒಬ್ಬಳೇ ಬರಲಿಲ್ಲ, ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ನನಗೆ ಅದೇ ಬೇಕಿತ್ತು. ಯಜಮಾನರು ಕಟ್ಟೆಯಿಂದ ಎದ್ದು ನಿಂತರು. ಸೊಸೈಟಿಯ ಸಭೆಯಲ್ಲಿ ಯಾರನ್ನೂ ಮಾತಾಡಗೊಡದ ಮನುಷ್ಯ, ಎರಡು ಸಲ ಕೆಮ್ಮಿದರು.

"ಗಿಳಿ ನನ್ನ ಕೈಲೆ ಸತ್ತೈತಿ. ಔಷಧಿ ಹೊಡದ ಗೊನಿ ಕೊಟ್ಟೆ. ಈ ಹುಡುಗಿದು ಏನೂ ಇಲ್ಲ."

ಕೆಂಚವ್ವ ಸೆರಗು ಸರಿಮಾಡಿಕೊಂಡಳು. "ಹೌದ್ರಿ. ಆದ್ರೂ ಇಷ್ಟ ವರ್ಷ ತಪ್ಪದ ಮನಷ್ಯಾ ಈ ವಾರನ ಯಾಕ ತಪ್ಪಿದ್ರಿ?"

ನಾನು ಅವಳ ಮೇಲೆ ಹರಿಹಾಯುವುದರೊಳಗೆ ಸುಗಂಧಾ ಹೊರಗೆ ಬಂದಳು. ಬಂದಾಗಿನಿಂದ ಮಾವನ ಎದುರು ಒಂದು ಮಾತೂ ಆಡಿದವಳಲ್ಲ. ಕೆಂಚವ್ವನ ಕಡೆ ನೋಡಲೂ ಇಲ್ಲ. ನೇರವಾಗಿ ಹೋಗಿ ಯಜಮಾನರ ಮುಂದೆ ನಿಂತಳು.

"ಮಾವಾರ, ನೀವು ಅದಕ್ಕ ಪ್ರೀತೀಲೆ ಕೊಟ್ಟೀರಿ. ಮುಂಜಾನಿಂದ ಉಂಡಿಲ್ಲ ನೀವು. ಒಳಗ ಬರ್ರಿ. ನೀವ ಉಂಡ್ರ ನಾ ಉಣ್ತೀನಿ."

ಯಜಮಾನರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, ಅಷ್ಟು ಜನರ ಎದುರಿಗೇ, ಬಿಕ್ಕಿ ಬಿಕ್ಕಿ ಅತ್ತರು. ಸುಗಂಧಾ ಅಲ್ಲೇ ನಿಂತಿದ್ದಳು, ಅವರು ಸುಧಾರಿಸಿಕೊಳ್ಳುವವರೆಗೂ ಕದಲಲಿಲ್ಲ. ಬಂದ ಹೆಂಗಸರಲ್ಲಿ ಒಬ್ಬಳು ಕೆಂಚವ್ವನ ರಟ್ಟೆ ಹಿಡಿದು, "ನಡಿ ಬೇ, ಸಾಕು" ಎಂದಳು.

ನಾನು ಒಳಗೆ ಹೋಗಿ ಎರಡು ತಾಟು ಹಾಕಿದೆ. ರೊಟ್ಟಿ ಬಡಿಸುತ್ತ ನನಗೂ ಅಳು ಬಂತು. ಈ ಸಲ ತಡೆದುಕೊಳ್ಳಲಿಲ್ಲ.