ಹಿಂಡಿನ ಜೊತೆ ಹೋಗಬಲ್ಲ ಫೋನು

ಕಂಪನಿಗಳು ಕೈಬಿಟ್ಟ ಹಳೆಯ ಫೋನುಗಳಿಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹೊಂದಿಸುವ ಕೆಲಸವನ್ನು ನಾನು ಮತ್ತು ಮಕ್ಸೂದ ಚಿದ್ರಿ ಬಡಾವಣೆಯಲ್ಲಿದ್ದ ಅವನ ರಿಪೇರಿ ಅಂಗಡಿಯಲ್ಲಿ ಮಾಡುತ್ತಿದ್ದೆವು. ಹಾಗೆ ಹೊಂದಿಸಿದ ಪ್ರತಿಯೊಂದು ಮಾದರಿಗೂ ಪೋರ್ಟ್ ಎಂದು ಹೆಸರು. ಫೋನು ಬಿಚ್ಚಿ ಕೂಡಿಸುವುದು ಮಕ್ಸೂದನ ಪಾಲು, ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದ ನನ್ನದು ಪರೀಕ್ಷೆ ಮತ್ತು ವರ್ಗೀಕರಣ. 2018ರ ಅಕ್ಟೋಬರ್ ಹೊತ್ತಿಗೆ ಒಂಬತ್ತು ಪೋರ್ಟ್‌ಗಳು ಸಿದ್ಧವಾಗಿದ್ದವು. ಅವುಗಳ ಪಟ್ಟಿಯನ್ನು ಆ ತಿಂಗಳ ಒಂದು ಮಂಗಳವಾರ ಸಂಜೆ ಅಂತರ್ಜಾಲಕ್ಕೆ ಏರಿಸುವುದೆಂದು ನಿಶ್ಚಯಿಸಿದ್ದೆವು.

ನನ್ನ ವಿಧಾನ ಸರಳವಾಗಿತ್ತು. ಪರದೆ, ಸ್ಪರ್ಶ, ಕ್ಯಾಮೆರಾ, ವೈಫೈ ಮುಂತಾದ ಇಪ್ಪತ್ತು ಅಂಶಗಳ ಕೋಷ್ಟಕ. ಹದಿನೆಂಟಕ್ಕೆ ಕಡಿಮೆಯಿಲ್ಲದಂತೆ ಕೆಲಸ ಮಾಡಿದರೆ ಆ ಪೋರ್ಟ್ ‘ಪೂರ್ಣ’, ಹತ್ತು ದಾಟಿದರೆ ‘ಭಾಗಶಃ’, ಉಳಿದದ್ದು ‘ಪ್ರಾಯೋಗಿಕ’.

ಅದೇ ಮಂಗಳವಾರ ಮಧ್ಯಾಹ್ನ ಮಡೆಪ್ಪ ಬಂದರು. ಅವರು ಔರಾದ ಕಡೆಯ ಕುರಿಗಾರರು. ಮಳೆ ಕೈಕೊಟ್ಟ ವರ್ಷವಾದ್ದರಿಂದ ಶುಕ್ರವಾರ ಹಿಂಡು ಹೊಡೆದುಕೊಂಡು ಗಡಿಯಾಚೆ ತೆಲಂಗಾಣದ ಕಾಲುವೆ ಬಯಲಿಗೆ ಹೊರಡುವವರಿದ್ದರು. ಮರಳುವುದು ನಾಲ್ಕು ತಿಂಗಳ ನಂತರ. ಅವರ ಫೋನು ಕೆಟ್ಟಿದ್ದರಿಂದ ಎಂಟು ದಿನದ ಹಿಂದೆ ನಾವು ‘ಪೂರ್ಣ’ ವರ್ಗದ ಒಂದನ್ನು ಕೊಟ್ಟಿದ್ದೆವು. ಅದನ್ನು ಈಗ ಮೇಜಿನ ಮೇಲಿಟ್ಟರು.

“ಫೋಟೋ ಛಲೋ ಬರ್ತಾವರಿ, ಹಾಡೂ ಹಾಡ್ತದ. ಆದ್ರ ನಾ ಭಾಲ್ಕಿ ಸಂತ್ಯಾಗ ಇದ್ದಾಗ ನಮ್ಮಾಕಿ ಮೂರ ಸಲ ಫೋನ್ ಮಾಡ್ಯಾಳ. ಇದು ಮಲಕೊಂಡೇ ಇತ್ತು.”

ಅವರ ತಾಯಿ ಪುತಳಾಬಾಯಿಗೆ ಅಂದು ಜ್ವರ ಏರಿತ್ತು. ಹೆಂಡತಿ ಕಾಂತಾಬಾಯಿ ಪಕ್ಕದ ಮನೆಯವರ ಆಟೋ ಹಿಡಿದು ಅತ್ತೆಯನ್ನು ಔರಾದಿಗೆ ಕರೆದೊಯ್ದಿದ್ದರು. ಈಗ ಜ್ವರ ಇಳಿದಿತ್ತು. ಆದರೆ ಶುಕ್ರವಾರದಿಂದ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಕರೆದರೆ ಮಡೆಪ್ಪನವರಿಗೆ ಕೇಳಲೇಬೇಕು.

ನಾನು ಕೋಷ್ಟಕ ತೆರೆದು ವಿವರಿಸಿದೆ. ಇಪ್ಪತ್ತರಲ್ಲಿ ಹದಿನೆಂಟು, ಅಂದರೆ ಶೇಕಡಾ ತೊಂಬತ್ತು. ಪರದೆ ಆರಿದಾಗ ಫೋನು ನಿದ್ದೆಗಿಳಿಯುತ್ತದೆ, ಕರೆ ಬಂದರೆ ಏಳುವುದಿಲ್ಲ. ಆ ದೋಷವನ್ನು ಹತ್ತೊಂಬತ್ತನೆಯ ಸಾಲಿನಲ್ಲಿ ಸರಿಯಾಗಿಯೇ ನಮೂದಿಸಿದ್ದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

“ತಂಗಿ, ಹೊರಡೂ ಮೊದಲ ನಾವು ದೊಡ್ಡಿ ಬಾಗಲ್ದಾಗ ನಿಂತು ಕುರಿ ಆರಿಸ್ತೇವಿ. ಹಿಂಡಿನ ಜೋಡಿ ನಡಿಯೂವು ಒಂದ್ ಕಡಿ, ಮನಿಯಾಗ ಉಳಿಯೂವು ಒಂದ್ ಕಡಿ, ಡಾಕ್ಟರಗ ತೋರಸೂವು ಒಂದ್ ಕಡಿ. ಒಂದ್ ಕಾಲು ಕುಂಟತಿತ್ತಂದ್ರ ಅದು ಮನಿಯಾಗೇ. ಉಳಿದ ಮೂರ ಕಾಲ ಛಲೋ ಅದಾವಂತ ಯಾರಾದ್ರೂ ಲೆಕ್ಕಾ ಹಾಕ್ತಾರೇನ್ರಿ?”

ಮಕ್ಸೂದ ನಕ್ಕ. ನನಗೆ ನಗು ಬರಲಿಲ್ಲ. ನನ್ನ ಅಳತೆಯಲ್ಲಿ ತಪ್ಪಿರಲಿಲ್ಲ. ಅಳತೆಗಳನ್ನು ಕೂಡಿಸಿ ಹೆಸರಿಟ್ಟದ್ದೇ ತಪ್ಪಾಗಿತ್ತು. ಫೋನಿನಲ್ಲಿ ಎಷ್ಟು ಭಾಗ ಕೆಲಸ ಮಾಡುತ್ತದೆ ಎಂಬುದನ್ನಷ್ಟೇ ಆ ಹೆಸರು ಹೇಳುತ್ತಿತ್ತು. ಅದನ್ನು ನಂಬಿ ಎಷ್ಟು ದೂರ ಹೋಗಬಹುದು ಎಂಬುದು ಅದರಲ್ಲಿರಲಿಲ್ಲ.

ಹಳೆಯ ಮೂರೂ ಹೆಸರು ಅಳಿಸಿದೆ. ‘ಜೊತೆಗೆ ಒಯ್ಯುವುದು’, ‘ಮನೆಯಲ್ಲಿರುವುದು’, ‘ದುರಸ್ತಿಯಲ್ಲಿರುವುದು’ ಎಂದು ಬರೆದೆ. ಮೊದಲ ವರ್ಗಕ್ಕೆ ಮೂರು ಷರತ್ತು: ಕರೆ ಬಂದರೆ ಏಳಬೇಕು, ಎರಡೂ ಕಡೆ ಮಾತು ಕೇಳಬೇಕು, ಬ್ಯಾಟರಿ ಒಂದು ಹಗಲು ಬಾಳಬೇಕು. ಒಂದು ತಪ್ಪಿದರೂ ಪ್ರವೇಶವಿಲ್ಲ. ಒಂಬತ್ತನ್ನೂ ಮತ್ತೆ ಹಂಚಿದಾಗ ನಾಲ್ಕು ಮನೆಗೆ, ಐದು ದುರಸ್ತಿಗೆ ಹೋದವು. ಮೊದಲ ವರ್ಗ ಖಾಲಿ ಉಳಿಯಿತು.

ಮಕ್ಸೂದನಿಗೆ ಇದು ಒಪ್ಪಿಗೆಯಾಗಲಿಲ್ಲ. ಎರಡು ವರ್ಷದ ದುಡಿಮೆ, ಮೇಲಿನ ಸಾಲಿನಲ್ಲಿ ಏನೂ ಇಲ್ಲವೆಂದರೆ ನೋಡಿದವರು ನಗುತ್ತಾರೆ, ಒಂದನ್ನಾದರೂ ಹಾಕು ಎಂದ.

“ಯಾವುದು ಹಾಕ್ಲಿ? ಮಡೆಪ್ಪ ಕಾಕಾನ ಕೈಯಾಗ ಕೊಟ್ಟು ಕಳಸೂವಂಥಾದ್ದು ತೋರಸು, ಹಾಕ್ತೇನಿ.”

ಅವನು ಕಪಾಟಿನತ್ತ ನೋಡಿದ. ಆಮೇಲೆ ಡ್ರಾಯರ್ ಎಳೆದು ಬಟನ್ ಫೋನೊಂದನ್ನು ತೆಗೆದು ಮಡೆಪ್ಪನವರ ಸಿಮ್ ಹಾಕಿದ. ಮಡೆಪ್ಪನವರು ಅದರಿಂದ ಕಾಂತಾಬಾಯಿಗೆ ಕರೆ ಮಾಡಿ, ಈಗ ನೀನೇ ತಿರುಗಿ ಮಾಡು ಎಂದರು. ಫೋನು ಜೋರಾಗಿ ಬಡಿದುಕೊಂಡಿತು. ಅವರು ತಕ್ಷಣ ಎತ್ತದೆ ನಾಲ್ಕೈದು ಸಲ ಬಡಿಯಲು ಬಿಟ್ಟು, ಆಮೇಲೆ ಕಿವಿಗಿಟ್ಟು ತಾಯಿ ಊಟ ಮಾಡಿದಳೇ ಎಂದು ಕೇಳಿದರು.

ಅವರು ಔರಾದ ಬಸ್ಸಿಗೆ ಹೋದ ಮೇಲೆ ಪಟ್ಟಿಯನ್ನು ಹಾಗೆಯೇ ಏರಿಸಿದೆ: ಮೊದಲ ಶೀರ್ಷಿಕೆ, ಅದರಡಿ ಮೂರು ಷರತ್ತು, ಅದರ ಕೆಳಗೆ ‘ಸದ್ಯಕ್ಕೆ ಯಾವುದೂ ಇಲ್ಲ’. ಮಕ್ಸೂದ ಒಮ್ಮೆ ಓದಿದ. ಆಮೇಲೆ ಸ್ಕ್ರೂಡ್ರೈವರ್ ಎತ್ತಿಕೊಂಡು, ಮಡೆಪ್ಪನವರು ಮರಳಿಸಿದ ಫೋನಿನ ಹಿಂಬದಿ ಬಿಚ್ಚತೊಡಗಿದ.