ಮರುವಂದನೆ

2025ರ ನವೆಂಬರ್ 16, ಭಾನುವಾರ, ಬೆಳಿಗ್ಗೆ 6 ಗಂಟೆ 12 ನಿಮಿಷ, ಬರಿಗಾಲಿಗೆ ಏನೋ ಚುಚ್ಚಿತು, ಭತ್ತದ ಕಾಳು, ಬೆಸಗರಹಳ್ಳಿಯ ಅಕ್ಕಿ ಗಿರಣಿಯವರು ನಿನ್ನೆ ಒಣಗಿಸಿ ಗುಡಿಸಿದ ಕಣದಲ್ಲಿ ಉಳಿದದ್ದು, ಶಶಿರೇಖಾ ಕಾಲು ಕೊಡವಲಿಲ್ಲ, ಕರಾಟೆ ಹೇಳಿಕೊಡುವವಳು ಕೊಡವಿದರೆ ಎದುರಿಗೆ ಕಾಲಗಲಿಸಿ ಮಂಡಿ ಮಡಿಚಿ ನಿಂತ ಹನ್ನೊಂದು ಹುಡುಗಿಯರೂ ಅಲುಗುತ್ತಾರೆ, ಎಪ್ಪತ್ತೊಂದು, ಎಪ್ಪತ್ತೆರಡು, ಸೆಕೆಂಡುಗಳ ಎಣಿಕೆ ನಾಲಗೆಯ ಮೇಲೆ ತಾನಾಗಿ ಓಡುತ್ತಿತ್ತು, ಗೇಟಿನ ಸದ್ದು, ಚೂಡಿದಾರದ ಹುಡುಗಿಯೊಬ್ಬಳು ಬಲಗಾಲನ್ನು ಚೂರು ತಡವಾಗಿ ಎತ್ತಿಡುತ್ತ ಗೋಡೆಯ ಕಡೆ ನಡೆದು ಕೂತಳು — ನಾಗಶ್ರೀ, ಹದಿನಾಲ್ಕು ತಿಂಗಳ ಮೇಲೆ. ಸುಮ್ನೆ ನೋಡುಮ ಅಂತ ಬಂದೆ ಮೇಡಮ್. ಸಾಲಿನಿಂದ ದೀಪಿಕ ತಲೆ ತಿರುಗಿಸದೆ, ಲೇ, ಕೂತ್ಕೂತು ದಪ್ಪ ಆಗ್ಬುಟ್ಟಿದ್ದೀಯ ಕಣೇ ಅಂದಳು, ಊಂ, ನಿಮ್ಮನೆ ಮುದ್ದೆನೂ ನಾನೇ ಉಂಡೆ ಅಂತ ನಾಗಶ್ರೀ, ಎಲ್ಲರೂ ನಕ್ಕರು, ಶಶಿರೇಖಾಳಿಗೆ ಎಣಿಕೆ ತಪ್ಪಿತು.

ಸಾಕಾದವರು ತಲೆ ಬಾಗಿಸಬೇಕು, ಗುರು ಮರಳಿ ಬಾಗಿಸಿದ ಮೇಲೆಯೇ ಸಾಲು ಬಿಡಬೇಕು, ಬಾಯಿ ಬಿಟ್ಟು ಕೇಳುವಂತಿಲ್ಲ, ಮಳವಳ್ಳಿಯಲ್ಲಿ ತನಗೆ ಕಲಿಸಿದ ಸಿದ್ದರಾಜು ಮೇಷ್ಟ್ರ ನಿಯಮ, ಹನ್ನೆರಡು ವರ್ಷದವಳಿದ್ದಾಗ ಅವರ ಮುಂದೆ ತಾನೂ ಬಾಗಿಸಿದ್ದಳು, ಅವರು ಬಾಗಿಸಲಿಲ್ಲ, ನಿಂತ್ಕೊ ಕಣಮ್ಮಿ, ಕಾಲೇನ್ ಉದುರೋಯ್ತದಾ, ಉದುರಲಿಲ್ಲ, ಐದು ನಿಮಿಷ ಮುಗಿಸಿದಳು, ಮನೆಗೆ ಹೋಗುವ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದಳು, ಅಷ್ಟು ಹೆಮ್ಮೆ — ಅದೇ ಹೆಮ್ಮೆಯನ್ನು ನಾಗಶ್ರೀಗೂ ಕೊಡಬೇಕೆಂದಿದ್ದಳಲ್ಲ, ಹದಿನಾಲ್ಕು ತಿಂಗಳ ಹಿಂದೆ ಅವತ್ತು ಗಡಿಯಾರದಲ್ಲಿ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು, ಹುಡುಗಿ ತಲೆ ಬಾಗಿಸಿದಳು, ಜಡೆ ಮುಂದಕ್ಕೆ ಜಾರಿತು, ಮತ್ತೆ ಬಾಗಿಸಿದಳು, ಜಡೆ ಮತ್ತೆ ಜಾರಿತು, ನಲವತ್ತು ಸೆಕೆಂಡು ತಾನೇ, ನನಗೂ ಹೀಗೇ ಉರಿದಿತ್ತು, ಈ ಉರಿ ನನಗೆ ಗೊತ್ತು — ಗೊತ್ತಿದ್ದದ್ದು ತನ್ನ ಕಾಲು, ಅವಳ ಕಾಲಲ್ಲ. ಮುಗಿದ ತಕ್ಷಣ ತಿರುಗಿ ಒದೆಯುವ ಅಭ್ಯಾಸ, ನೆಲದ ಮೇಲಿರುವ ಪಾದ ಮೈಯ ಜೊತೆ ತಿರುಗಬೇಕು, ದಣಿದ ಪಾದ ಅಲ್ಲೇ ಅಂಟಿಕೊಂಡಿತು, ಮೈ ತಿರುಗಿತು, ನಡುವೆ ಸಿಕ್ಕಿದ್ದು ಮಂಡಿ, ಹತ್ತನೇ ಕ್ಲಾಸಿಗೆ ಭೌತಶಾಸ್ತ್ರ ಹೇಳುವವಳಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ, ಸದ್ದು ಸಣ್ಣದು, ಪಕ್ಕದಲ್ಲಿದ್ದ ದೀಪಿಕಳಿಗೂ ಕೇಳಿಸಿರಲಿಲ್ಲ, ಇವಳಿಗೆ ಕೇಳಿಸಿತು, ಈಗಲೂ ಹಲ್ಲುಜ್ಜುವಾಗ, ಬೋರ್ಡಿನ ಮೇಲೆ ಸೀಮೆಸುಣ್ಣ ಮುರಿದಾಗ. ಮಂಡ್ಯದ ಆಸ್ಪತ್ರೆಯ ಬೆಂಚಿನ ಮೇಲೆ ಹುಡುಗಿಯ ತಾಯಿ ಪಟ್ಟಲಮ್ಮ, ಎಲ್ಡು ಸಲ ತಲೆ ಬಗ್ಸುದ್ಲಂತಲ್ಲ ನಮ್ ಮಗ್ಳು, ನಿಮ್ಗೆ ಕಾಣ್ನಿಲ್ವಾ ಮೇಡಮ್, ಇಲ್ಲಮ್ಮ, ಕಾಣಲಿಲ್ಲ, ಅಂದಳು ಶಶಿರೇಖಾ, ಬುಡಿ ಮತ್ತೆ, ಕಾಣ್ದಿದ್ರೆ ನೀವೇನ್ ಮಾಡೀರಿ, ಬೆಳಗಿಂದ ಏನೂ ತಿಂದಿಲ್ಲ ನೀವು, ತಗೊಳಿ, ಎಂದು ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟಳು, ಶಶಿರೇಖಾ ಅದನ್ನು ತಿಂದೂಬಿಟ್ಟಳು.

ಸಾಕು, ನಿಲ್ಲಿಸಿ, ಎಂದಳು ಶಶಿರೇಖಾ ಈಗ, ಕಣದಲ್ಲಿ, ಸಾಲು ಅನುಮಾನಿಸುತ್ತ ಚೆದುರಿತು, ಇನ್ನೂ ಎರಡು ನಿಮಿಷ ಅದೆ ಮೇಡಮ್ ಎಂದು ಯಾರೋ ಹೇಳಿದರು, ಅವಳು ಗೋಡೆಯವರೆಗೂ ನಡೆದಳು, ಎಂಟು ಹೆಜ್ಜೆ, ಕೂತಳು, ನಾಗಶ್ರೀಯ ಮುಖ ನೋಡಲಾಗದೆ ಅವಳ ಚಪ್ಪಲಿ ನೋಡುತ್ತ, ಅವತ್ತು ನಾನು ನೋಡಿದ್ದೆ ಕಣೇ, ಎರಡು ಸಲವೂ, ನಿಮ್ಮಮ್ಮನಿಗೆ ಸುಳ್ಳು ಹೇಳಿದೆ. ಗೊತ್ತು ಮೇಡಮ್, ನನ್ ಮಕ ನೋಡ್ಬುಟ್ಟೇ ಗಡಿಯಾರ ನೋಡುದ್ರಿ ನೀವು. ಮತ್ತೆ ಮನೆಯಲ್ಲಿ ಹೇಳಲಿಲ್ಲವಾ. ಯೋಳ್ನಿಲ್ಲ, ಯೋಳಿದ್ರೆ ಇವರ್ನೂ ಯಾರೂ ಇಲ್ಲಿಗೆ ಕಳುಸ್ತಿರ್ಲಿಲ್ಲ — ಹದಿನಾಲ್ಕು ತಿಂಗಳು ಮಂಚದ ಮೇಲೆ, ವಾಕರಿನ ಮೇಲೆ, ಈ ಹದಿಮೂರರ ಹುಡುಗಿ ಮೇಡಮ್ ಹೇಳಿದ ಸುಳ್ಳನ್ನು ಕಾಪಾಡಿದ್ದಳು, ಅಮ್ಮನಿಗೆ ಇವತ್ತೇ ನಾನೇ ಹೇಳುತ್ತೇನೆ, ಎಂದಳು ಶಶಿರೇಖಾ, ಆಮೇಲೆ, ಎಷ್ಟು ಮಡಿಚಲಿಕ್ಕಾಗುತ್ತೆ, ತೋರಿಸು, ನಿನಗೆ ಸಾಕೆನ್ನಿಸಿದಲ್ಲಿ ನಿಲ್ಲಿಸು, ಹುಡುಗಿ ಗೋಡೆ ಹಿಡಿದು ಎದ್ದಳು, ಪಾದ ಊರಿದಳು, ಬಲಮಂಡಿ ಮೆಲ್ಲಗೆ ಮುಂದಕ್ಕೆ ಬಂತು, ನಡುಗಿತು, ನಿಂತಿತು, ಮಂಡಿ, ಮಂಡಿ, ಬೇರೇನೂ ಇಲ್ಲ, ಇಷ್ಟೇಯ ಮಡಿಚಕ್ಕಾಗೋದು ಮೇಡಮ್, ಡಾಕ್ಟ್ರು ಅಳ್ದು ನೋಡವ್ರೆ, ಮಂಡಿ —

ಮೂವತ್ತೆಂಟು ಡಿಗ್ರಿ.