ಕಾರ್ಡು ಒಂದು ಕಡೆ, ಮೊಹರು ಒಂದು ಕಡೆ

ಹೆಬ್ಬೆರಳು ಏನನ್ನೂ ಎಡವುತ್ತಿಲ್ಲ, ಲಕೋಟೆಯ ಮೇಲಿಂದ ಎಷ್ಟು ಸವರಿದರೂ ಒಳಗಿನ ಕಾರ್ಡು ನುಣ್ಣಗೆ, ನನ್ನ ಕಾರ್ಡಿನಲ್ಲಿ ಹೆಸರೂ ಅಂಕಿಗಳೂ ಉಬ್ಬಿಕೊಂಡಿವೆಯಲ್ಲ, ಕಣ್ಣು ಮುಚ್ಚಿದರೂ ಕೈಗೆ ಗುರುತು ಸಿಗುತ್ತದೆ — ಕಾಗದ ದಪ್ಪವಿರಬೇಕು, ಹೌದು, ಪೊಲೀಸರ ಲಕೋಟೆ, ಇಲ್ಲವೇ ಎಪ್ಪತ್ತೊಂಬತ್ತರ ಬೆರಳು ದಪ್ಪವಾಗಿರಬೇಕು. ಮೊಹರಿನ ಕೆಂಪು ಇನ್ನೂ ಹಸಿ, ಮುಚ್ಚಳದ ಮೇಲೆ ಅರ್ಧ, ಕೆಳಗೆ ಅರ್ಧ, ನಡುವೆ ಅಂಟಿನ ಗೆರೆ. ಮೂರು ದಿನ ತೆರೀಬೇಡಿ ಅಮ್ಮಾ, ಬ್ಯಾಂಕಿಗೂ ಫೋನ್ ಮಾಡ್ಬೇಡಿ, ಅಲ್ಲಿ ಒಳಗಿನೋರೇ ಶಾಮೀಲು, ನಿಮ್ ಕಾರ್ಡಿನ ನಕಲು ಆಗ್ಲೇ ಓಡಾಡ್ತಿದೆ — ಎಷ್ಟು ಮರ್ಯಾದಸ್ಥ ಪೊಲೀಸಿನವನು, ಕರಿ ಕೋಟು, ಒಳಗೆ ಬರುವ ಮೊದಲು ಬೂಟು ಬಿಚ್ಚಿ ಬಾಗಿಲ ಕಡೆಗೆ ಮೂತಿ ಮಾಡಿ ಜೋಡಿಸಿಟ್ಟ, ಯಾರ ಮನೆಯ ಮಗನೋ ಅಂದುಕೊಂಡೆ, ಓಡುವವನೂ ಹಾಗೆಯೇ ಇಡುತ್ತಾನೆ ಎಂದು ಈಗ ಹೊಳೆಯುತ್ತಿದೆ.

ಮೂವತ್ತನಾಲ್ಕು ವರ್ಷ ಬ್ಯಾಂಕಿನ ಒನೊಮಿಚಿ ಶಾಖೆಯ ಮೊಹರಿನ ಮೇಜು ನನ್ನದು, ನಮ್ಮಲ್ಲಿ ಸಹಿಯ ಬದಲು ಅವರವರ ಹೆಸರಿನ ಮೊಹರೇ ತಾನೇ, ಗಿರಾಕಿಯ ಚೀಟಿಯನ್ನು ಮೊಹರಿನ ನಟ್ಟನಡುವೆ ಮಡಿಸಿ, ನಮ್ಮಲ್ಲಿರುವ ಅಚ್ಚಿನ ಮೇಲಿಟ್ಟು, ಅರ್ಧಕ್ಕೆ ಅರ್ಧ ಕೂಡಿಸಿ ನೋಡಿದರೆ ಸುಳ್ಳು ತಾನಾಗಿ ಸೊಟ್ಟಗಾಗುತ್ತಿತ್ತು, ಅಪ್ಪನ ಮೊಹರನ್ನು ನಕಲು ಕೆತ್ತಿಸಿ ತಂದಿದ್ದ ಮಗನೊಬ್ಬನನ್ನು ಒಂದು ಕೂದಲೆಳೆ ಬಿರುಕಿನಿಂದ ಹಿಡಿದಿದ್ದೆ, ಮ್ಯಾನೇಜರ್ ತೊಕುನಾಗಾ ಮೂಗಿನಲ್ಲೇ ಹಾಡಿದ್ದರು, ಕುವಬಾರಾ ಅವ್ರಿದ್ರೆ ನಮ್ಗೆ ಸಿಡ್ಲೂ ಹೊಡಿಯಲ್ಲ ಬಿಡ್ರೀ — ಗುಡುಗಿದಾಗ ಸಿಡಿಲು ಬಡಿಯದಿರಲೆಂದು ಊರವರು ಕುವಬಾರಾ ಕುವಬಾರಾ ಎಂದು ನನ್ನ ಮನೆತನದ ಹೆಸರನ್ನೇ ತಾನೇ ಜಪಿಸುವುದು, ಜಪಿಸಿದವರಿಗೆ ಸಿಡಿಲು ಬಡಿಯಲಿಲ್ಲ, ಹೆಸರಿನವಳ ಮನೆಗೆ ಬೂಟು ಬಿಚ್ಚಿ ಬಂತು. ಕಾರ್ಡು ಒಂದು ಕಡೆ, ಮೊಹರು ಒಂದು ಕಡೆ, ಕಳ್ಳನಿಗೆ ಎರಡೂ ಒಟ್ಟಿಗೆ ಸಿಗಬಾರದು, ರೈಲು ನಿಲ್ದಾಣದ ಘೋಷಣೆಯ ಹೆಂಗಸಿನ ಧ್ವನಿ ಮಾಡಿ ಪ್ರತಿ ಗಿರಾಕಿಗೂ ಹೇಳಿದ್ದೇ ಹೇಳಿದ್ದು, ಮನೆಯಲ್ಲೂ ಹಾಗೆಯೇ, ಕಾರ್ಡು ಮುಂದಿನ ಕೋಣೆಯ ಚಹಾ ಕಪಾಟಿನಲ್ಲಿ, ಮೊಹರು ಒಳಕೋಣೆಯಲ್ಲಿ ತೀರಿಹೋದ ಯಜಮಾನರ ಪಟದ ಗೂಡಿನ ಖಾನೆಯಲ್ಲಿ. ಆ ಪೊಲೀಸಿನವನು ಕಾರ್ಡನ್ನೂ ಗುಟ್ಟಿನ ನಂಬರು ಬರೆದ ಚೀಟಿಯನ್ನೂ ನನ್ನ ಕಣ್ಣೆದುರೇ ಲಕೋಟೆಗೆ ಹಾಕಿದ, ಅಂಟಿಸಿದ, ಆಮೇಲೆ, ಅಯ್ಯೋ, ಅಂಟಿನ ಮೇಲೊಂದು ಮೊಹರು ಬೇಕಲ್ಲಮ್ಮಾ, ತಾವು ಬ್ಯಾಂಕಲ್ಲಿದ್ದೋರು, ನಿಮ್ಗೇನು ಹೇಳ್ಕೊಡೋದು, ನಮ್ಮನ್ನೂ ನಂಬಬಾರ್ದು ನೀವು — ಹಿಗ್ಗಿಬಿಟ್ಟೆ, ಮೊಹರಿನ ಬೆಲೆ ಗೊತ್ತಿರುವ ಒಬ್ಬನಾದರೂ ಈ ಕಾಲದಲ್ಲಿ ಇದ್ದಾನಲ್ಲ ಎಂದು ಹಿಗ್ಗಿದೆ, ಇರಪ್ಪಾ ತರ್ತೀನಿ ಅಂದೆ, ಮಂಡಿ ಹಿಡಿದುಕೊಂಡು ಒಳಗೆ ಹೋದೆ, ಗಂಟೆ ಬಾರಿಸಿ ಕೈಮುಗಿಯದೆ ಯಜಮಾನರ ಖಾನೆ ಎಳೆಯುವವಳಲ್ಲ ನಾನು, ಬಾರಿಸಿದೆ, ಆ ಸದ್ದು ಅವನಿಗೂ ಕೇಳಿಸಿರಬೇಕು, ಮುದುಕಿ ಇನ್ನೂ ಅಲ್ಲೇ ಇದ್ದಾಳೆ ಎಂದು ಸಾವಕಾಶವಾಗಿ ಲಕೋಟೆ ಬದಲಿಸಿರಬೇಕು, ಬದಲಿಸಿದ್ದರ ಮೇಲೆಯೇ ನಾನು ಮೊಹರೊತ್ತಿರಬೇಕು — ಇಲ್ಲ, ಕಾಗದವೇ ದಪ್ಪ.

ಫೋನು ಕೈಯಳತೆಯಲ್ಲೇ ಇದೆ, ಈಗ ಬ್ಯಾಂಕಿಗೆ ಹೇಳಿದರೆ ಕಾರ್ಡು ಈಗಲೇ ನಿಲ್ಲುತ್ತದೆ, ನಿಲ್ಲಿಸಿದವರು ಮರುಕ್ಷಣ ನೊದೊಕಾಗೆ ಫೋನ್ ಮಾಡುತ್ತಾರೆ, ಮಗಳ ನಂಬರನ್ನು ಬರೆದುಕೊಟ್ಟವಳು ನಾನೇ. ಅಮ್ಮಾ, ಹೋದ್ ವರ್ಷ ಗ್ಯಾಸ್ ರಿಪೇರಿ ಅಂತ ಬಂದೋನಿಗೆ ಬಾಗ್ಲು ತೆಗ್ದೆ, ಇನ್ನೊಂದ್ಸಲ ಹೀಗಾದ್ರೆ ಕಾರ್ಡೂ ಮೊಹರೂ ನನ್ ಕೈಗೆ, ನೀನು ಒಕಾಯಾಮಾಕ್ಕೆ, ಆ ವೃದ್ಧಾಶ್ರಮದಲ್ಲಿ ಮೀನು ಕೂಡ ಮುಳ್ಳು ತೆಗ್ದೇ ಕೊಡ್ತಾರೆ — ಮುಳ್ಳು ತೆಗೆದ ಮೀನು, ಬೀಗ ಹಾಕಿದ ಬಾಗಿಲು, ಬೇರೆಯವರ ಕೈಯಲ್ಲಿ ನನ್ನ ಹೆಸರು. ಐದು ಗಂಟೆ, ಬೀದಿ ಕಂಬದ ಧ್ವನಿವರ್ಧಕದಲ್ಲಿ ಹೆಂಗಸೊಬ್ಬಳ ದಿನದ ಎಚ್ಚರಿಕೆ ಶುರುವಾಯಿತು, ಪೊಲೀಸರು ಯಾರ ಕಾರ್ಡನ್ನೂ ಕೇಳುವುದಿಲ್ಲ, ದಿನವೂ ಮೂಲಂಗಿ ಹೆಚ್ಚುತ್ತಾ ಕೇಳುವುದಿಲ್ಲಾಆ ಎಂದು ಆ ಹೆಂಗಸನ್ನು ಅಣಕಿಸುವವಳು ನಾನು, ಇವತ್ತು ಫೋನಿನತ್ತ ಹೊರಟ ಕೈ ಹಳೆಯ ಪಾಸ್‌ಬುಕ್ಕನ್ನು ಎತ್ತಿಕೊಂಡಿದೆ, ಮೊದಲ ಪುಟದಲ್ಲಿ ನನ್ನ ಮೊಹರಿನ ಅಚ್ಚು, ಲಕೋಟೆಯನ್ನು ಅಂಟಿನ ಗೆರೆಗೆ ಮಡಿಸಿ ಅದರ ಮೇಲಿಡುತ್ತೇನೆ, ಅರ್ಧಕ್ಕೆ ಅರ್ಧ, ಅಂಚಿನ ಸಣ್ಣ ಮುಕ್ಕೂ ಮುಕ್ಕಿಗೆ ಸರಿಯಾಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಅಸಲಿ, ನನ್ನದೇ, ಅಸಲಿ, ಇನ್ನೊಮ್ಮೆ ಮಡಿಸುತ್ತೇನೆ, ಮೇಲೆ ಅರ್ಧ, ಕೆಳಗೆ ಅರ್ಧ, ಕೆಂಪು —